ನದಿಯ ಆಚೆ ಕಲ್ದಾರ್, ಈಚೆ ಹಾಲಿ



ಇಂದಿನ ಮಾತು ಹಣದ ಬಗ್ಗೆ. ಹಣ ಗಳಿಸುವುದು ಹೇಗೆ ಎಂಬುದಲ್ಲ. ಹಣ ಎಂದರೆ ಏನು, ಒಂದು ತುಂಡು ಕಾಗದವನ್ನು ಕೊಟ್ಟರೆ ಅಂಗಡಿಯವನು ಅಕ್ಕಿ ಏಕೆ ಕೊಡುತ್ತಾನೆ ಎಂಬ ಪ್ರಶ್ನೆ. ನಾನು ಅರ್ಥಶಾಸ್ತ್ರ ಓದಿದವನಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ ಓದಿ ದೂರದರ್ಶನದ ಕೆಲಸಕ್ಕೆ ಬಂದವನು. ಈ ವಿಷಯಕ್ಕೆ ನನ್ನನ್ನು ಎಳೆದು ತಂದದ್ದು ಪುಸ್ತಕವಲ್ಲ, ನಮ್ಮ ಅಜ್ಜಿಯ ತಗಡಿನ ಟ್ರಂಕು.

ನಮ್ಮ ಊರು ಕೊಪ್ಪಳದಿಂದ ಮುಂಡರಗಿಗೆ ಹೋಗುವ ದಾರಿಯಲ್ಲಿದೆ. ಅಜ್ಜಿಯ ಟ್ರಂಕಿನ ತಳದಲ್ಲಿ ಒಂದು ಅರಿವೆಯ ಗಂಟು ಇತ್ತು. ಅದರಲ್ಲಿ ಚಾರ್ಮಿನಾರಿನ ಚಿತ್ರವಿದ್ದ ಐದಾರು ಬೆಳ್ಳಿ ರೂಪಾಯಿ, ನಾಲ್ಕು ಮಡಿಕೆ ಮಾಡಿಟ್ಟ ಒಂದು ಹತ್ತು ರೂಪಾಯಿ ನೋಟು. ನೋಟಿನ ಮೇಲೆ ಉರ್ದುವಿನ ಜೊತೆ ಮರಾಠಿ, ತೆಲುಗು, ನಮ್ಮ ಕನ್ನಡದ ಅಕ್ಷರಗಳೂ ಇದ್ದವು. ಆಗ ನಾನು ಐದನೆಯ ತರಗತಿ.

'ಅಜ್ಜೀ, ಇದು ನಡೀತೈತೇನು?' ಎಂದು ಕೇಳಿದೆ.

'ಇಲ್ಲೋ ತಮ್ಮಾ. ಇದು ನಿಜಾಮನ ಕಾಲದ್ದು. ಅವ ಹೋದ, ಇದೂ ಹೋತು.'

'ಮತ್ತ ಈ ರೂಪಾಯಿ?'

'ಅದು ಬೆಳ್ಳಿ. ಬೆಳ್ಳಿಗೇನಾಗತೈತಿ?'

ಆ ರೂಪಾಯಿಗಳಲ್ಲಿ ಒಂದೆರಡನ್ನು ಬಿಟ್ಟು ಉಳಿದವು ಮುಂದೆ ಅತ್ತೆಯ ಮದುವೆಯಲ್ಲಿ ಅಕ್ಕಸಾಲಿಗನ ಕೈಗೆ ಹೋಗಿ ಕಾಲುಚೈನು ಆದವು. ನೋಟು ಟ್ರಂಕಿನಲ್ಲೇ ಉಳಿಯಿತು. ಅಜ್ಜಿ ಅರ್ಧ ಸಾಲಿನಲ್ಲಿ ಹೇಳಿದ ಈ ಮಾತಿನ ಮೇಲೆ ಇಂಗ್ಲೆಂಡಿನಲ್ಲಿ ಪಂಡಿತರು, ಬ್ಯಾಂಕಿನವರು, ಪಾರ್ಲಿಮೆಂಟಿನ ಸದಸ್ಯರು ಸುಮಾರು ಎಪ್ಪತ್ತೈದು ವರ್ಷ ಜಗಳವಾಡಿದ್ದಾರೆ ಎಂದು ನನಗೆ ತಿಳಿದದ್ದು ಬಹಳ ತಡವಾಗಿ.

ಮೊದಲು ನಮ್ಮ ಊರ ಕಡೆಯ ಕಥೆಯನ್ನೇ ನೋಡೋಣ. ಈಗಿನ ಕೊಪ್ಪಳ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅದಕ್ಕೆ ಮುಂಚೆ ಇದು ರಾಯಚೂರು ಜಿಲ್ಲೆಯ ಭಾಗ. 1948ಕ್ಕೆ ಮುಂಚೆ ಹೈದರಾಬಾದು ನಿಜಾಮರ ಸಂಸ್ಥಾನ. ಕೊಪ್ಪಳವಂತೂ ಸಾಲಾರ್ ಜಂಗ್ ಮನೆತನದ ಜಹಗೀರು. ದಕ್ಷಿಣಕ್ಕೆ ತುಂಗಭದ್ರೆ ದಾಟಿದರೆ ಹೊಸಪೇಟೆ, ಬಳ್ಳಾರಿ; ಅದು ಬ್ರಿಟಿಷರ ಮದ್ರಾಸು ಪ್ರಾಂತ. ಪಶ್ಚಿಮಕ್ಕೆ ಗದಗ, ಮುಂಡರಗಿ. ಅದು ಮುಂಬಯಿ ಪ್ರಾಂತ. ಗದಗಿನಲ್ಲಿ ರೈಲು ಹತ್ತಿ ಹೊಸಪೇಟೆಗೆ ಹೋಗುವವನು ಬ್ರಿಟಿಷರ ನೆಲ ಬಿಟ್ಟು ನಿಜಾಮರ ನೆಲಕ್ಕೆ ಬಂದು, ಕೊಪ್ಪಳ ದಾಟಿ, ಹೊಳೆ ದಾಟಿ ಮತ್ತೆ ಬ್ರಿಟಿಷರ ನೆಲಕ್ಕೆ ಇಳಿಯುತ್ತಿದ್ದ. ದಾರಿಯಲ್ಲಿ ಎರಡು ಸಲ ರೊಕ್ಕ ಬದಲಾಗುತ್ತಿತ್ತು.

ನಿಜಾಮರ ರೂಪಾಯಿಗೆ 'ಹಾಲಿ ಸಿಕ್ಕಾ' ಎಂದು ಹೆಸರು. ಹಾಲಿ ಎಂದರೆ ಈಗ ಚಾಲ್ತಿಯಲ್ಲಿರುವುದು. 'ಹಾಲಿ ಶಾಸಕರು' ಎನ್ನುತ್ತೇವಲ್ಲ, ಅದೇ ಹಾಲಿ. ಬ್ರಿಟಿಷ್ ರೂಪಾಯಿಗೆ ಜನ 'ಕಲ್ದಾರ್' ಎನ್ನುತ್ತಿದ್ದರು, ಅಂದರೆ ಯಂತ್ರದಲ್ಲಿ ಒತ್ತಿದ್ದು. ಎರಡಕ್ಕೂ ಹದಿನಾರೇ ಆಣೆ. ಆದರೆ ಎರಡೂ ಸಮ ಅಲ್ಲ. ಸರಕಾರಿ ಲೆಕ್ಕದಲ್ಲಿ 100 ಕಲ್ದಾರಿಗೆ 116 ರೂಪಾಯಿ 10 ಆಣೆ 8 ಪೈ ಹಾಲಿ. ಈ ವಿಚಿತ್ರ ಅಂಕಿಯನ್ನು ನೋಡಿ ಹೆದರಬೇಡಿ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಎಂದು ಹಿಡಿದು ಲೆಕ್ಕ ಹಾಕಿದರೆ ಅದು ಆರು ಕಲ್ದಾರಿಗೆ ಏಳು ಹಾಲಿ, ಅಷ್ಟೇ.

ಈಗ ಒಬ್ಬ ರೈತನನ್ನು ಊಹಿಸಿಕೊಳ್ಳಿ. ಯಲಬುರ್ಗಾದ ಎರೆಹೊಲದಲ್ಲಿ ಹತ್ತಿ ಬೆಳೆದು ಗದಗಿನ ಅಡತಿ ಅಂಗಡಿಗೆ ಹಾಕುತ್ತಾನೆ. ಕೈಗೆ ಬರುವುದು ಕಲ್ದಾರ್. ಊರಿಗೆ ಬಂದು ಕಂದಾಯ ಕಟ್ಟಬೇಕು, ಅದು ಹಾಲಿಯಲ್ಲಿ. ನಡುವೆ ಸರಾಫನ ಗದ್ದಿಗೆ. ಸರಾಫ ಸರಕಾರಿ ದರ ಕೊಡಬೇಕೆಂದೇನೂ ಇಲ್ಲ. ಸುಗ್ಗಿಯಲ್ಲಿ ಹಾಲಿಗೆ ಬೇಡಿಕೆ ಹೆಚ್ಚು, ದರ ಏರುತ್ತದೆ, ಮಳೆಗಾಲದಲ್ಲಿ ಇಳಿಯುತ್ತದೆ. ಜೊತೆಗೆ ಅವನ ವಟ್ಟ, ಅಂದರೆ ನಾಣ್ಯ ಬದಲಿಸಿಕೊಟ್ಟದ್ದಕ್ಕೆ ಮುರಿದುಕೊಳ್ಳುವ ಪಾಲು. ಹತ್ತಿಯ ತೂಕದಲ್ಲಿ ಒಮ್ಮೆ, ದರದಲ್ಲಿ ಒಮ್ಮೆ ಸೋತ ರೈತ, ರೊಕ್ಕ ಬದಲಿಸುವಾಗ ಮೂರನೆಯ ಸಲ ಸೋಲುತ್ತಿದ್ದ.

ಏಳಕ್ಕೆ ಆರು ಎಂಬ ಈ ಪ್ರಮಾಣ ಎಲ್ಲಿಂದ ಬಂತು? ಇಲ್ಲಿ ನನ್ನ ಬಿಎಸ್ಸಿ ಬುದ್ಧಿ ಕೆಲಸ ಮಾಡಿತು. ಕಲ್ದಾರ್ ರೂಪಾಯಿಯ ತೂಕ 11.66 ಗ್ರಾಂ, ಸಾವಿರಕ್ಕೆ 917 ಪಾಲು ಶುದ್ಧ ಬೆಳ್ಳಿ. ಚಾರ್ಮಿನಾರಿನ ರೂಪಾಯಿ 11.18 ಗ್ರಾಂ, ಸಾವಿರಕ್ಕೆ 818 ಪಾಲು ಬೆಳ್ಳಿ. ಗುಣಿಸಿ ನೋಡಿ. ಕಲ್ದಾರಿನಲ್ಲಿ ಸುಮಾರು 10.69 ಗ್ರಾಂ ಬೆಳ್ಳಿ, ಹಾಲಿಯಲ್ಲಿ 9.15 ಗ್ರಾಂ. ಭಾಗಿಸಿದರೆ 1.17 ಬರುತ್ತದೆ. ಏಳನ್ನು ಆರರಿಂದ ಭಾಗಿಸಿದರೂ 1.17! ಈ ಲೆಕ್ಕ ಕೂಡಿದ ದಿನ ನಾನು ಸಂಕಲನ ಕೊಠಡಿಯಲ್ಲಿ ಕುಳಿತು ಒಬ್ಬನೇ ನಕ್ಕೆ. ಅಜ್ಜಿ ಹೇಳಿದ್ದು ಸರಿ, ರೂಪಾಯಿ ಎಂದರೆ ಬೆಳ್ಳಿ, ಮುಗಿಯಿತು ಎಂದುಕೊಂಡೆ. ಅದು ಅರ್ಧ ಸತ್ಯ ಎಂದು ಆಮೇಲೆ ಗೊತ್ತಾಯಿತು. ಅದಕ್ಕೆ ನಾವು ಲಂಡನ್ನಿಗೆ ಹೋಗಿಬರಬೇಕು.

1797ರ ಫೆಬ್ರವರಿ. ಇಂಗ್ಲೆಂಡಿಗೂ ಫ್ರಾನ್ಸಿಗೂ ಯುದ್ಧ. ವೇಲ್ಸಿನ ಕಡಲತೀರದಲ್ಲಿ ಫ್ರೆಂಚರ ಸಣ್ಣ ಪಡೆಯೊಂದು ಇಳಿಯಿತು. ಜನ ಗಾಬರಿಯಾಗಿ ನೋಟು ಹಿಡಿದುಕೊಂಡು ಚಿನ್ನ ಕೊಡಿ ಎಂದು ಬ್ಯಾಂಕುಗಳಿಗೆ ನುಗ್ಗಿದರು. ಬ್ಯಾಂಕ್ ಆಫ್ ಇಂಗ್ಲೆಂಡಿನ ತಿಜೋರಿ ಕರಗುತ್ತಿತ್ತು. ನೋಟಿಗೆ ಚಿನ್ನ ಕೊಡುವುದನ್ನು ನಿಲ್ಲಿಸಿ ಎಂದು ಸರಕಾರವೇ ಬ್ಯಾಂಕಿಗೆ ಆಜ್ಞೆ ಮಾಡಿತು. ಸ್ವಲ್ಪ ದಿನದ ಮಾತು ಎಂದದ್ದು 1821ರ ತನಕ ಎಳೆಯಿತು. ಇಪ್ಪತ್ತನಾಲ್ಕು ವರ್ಷ ಆ ದೇಶ ಚಿನ್ನಕ್ಕೆ ಬದಲಾಗದ ಕಾಗದದ ಮೇಲೆ ನಡೆಯಿತು.

ಮೊದಮೊದಲು ಏನೂ ಆಗಲಿಲ್ಲ. ಆಮೇಲೆ ಚಿನ್ನದ ಬೆಲೆ ಏರಿತು. ಟಂಕಸಾಲೆಯ ದರದಲ್ಲಿ ಒಂದು ಔನ್ಸ್ ಚಿನ್ನಕ್ಕೆ 3 ಪೌಂಡು 17 ಷಿಲಿಂಗು ಹತ್ತೂವರೆ ಪೆನ್ನಿ. 1809ರ ಹೊತ್ತಿಗೆ ಪೇಟೆಯಲ್ಲಿ ಸುಮಾರು ನಾಲ್ಕೂವರೆ ಪೌಂಡು. ನೂರಕ್ಕೆ ಹದಿನೈದರಷ್ಟು ವಟ್ಟ, ನಮ್ಮ ಹಾಲಿಯ ಹಾಗೆ! ಚಿನ್ನ ತುಟ್ಟಿಯಾಯಿತೋ, ನೋಟು ಅಗ್ಗವಾಯಿತೋ? ಜಗಳ ಶುರುವಾದದ್ದೇ ಇಲ್ಲಿ.

ಷೇರುಪೇಟೆಯಲ್ಲಿ ದುಡ್ಡು ಮಾಡಿದ್ದ ಡೇವಿಡ್ ರಿಕಾರ್ಡೋ 1809ರಲ್ಲಿ ಪತ್ರಿಕೆಗೆ ಬರೆದ. ಚಿನ್ನ ಏರಿಲ್ಲ, ನೋಟು ಇಳಿದಿದೆ. ಅತಿಯಾಗಿ ಅಚ್ಚು ಹಾಕಿದ್ದೇ ಕಾರಣ ಎಂಬುದು ಅವನ ವಾದ. ಮರುವರ್ಷ ಪಾರ್ಲಿಮೆಂಟಿನ ಸಮಿತಿ ವಿಚಾರಣೆ ಮಾಡಿ ಬಹುಮಟ್ಟಿಗೆ ಅದನ್ನೇ ಹೇಳಿತು. ಬ್ಯಾಂಕಿನ ನಿರ್ದೇಶಕರು ಒಪ್ಪಲಿಲ್ಲ. ನಾವು ಬೇಕಾಬಿಟ್ಟಿ ನೋಟು ಕೊಡುವುದಿಲ್ಲ, ಒಳ್ಳೆಯ ಹುಂಡಿಯ ಮೇಲೆ ಮಾತ್ರ ಕೊಡುತ್ತೇವೆ, ಹಾಗಾಗಿ ನೋಟು ಅತಿಯಾಗುವುದೇ ಸಾಧ್ಯವಿಲ್ಲ ಎಂದರು.

ಹುಂಡಿ ನಮ್ಮ ಪೇಟೆಯವರಿಗೆ ಹೊಸದಲ್ಲ. ಗದಗಿನ ಅಡತಿಯವನು ಹತ್ತಿ ತೆಗೆದುಕೊಂಡು, ಎರಡು ತಿಂಗಳಿಗೆ ಇಷ್ಟು ರೂಪಾಯಿ ಕೊಡುತ್ತೇನೆ ಎಂದು ಚೀಟಿ ಬರೆದುಕೊಡುತ್ತಾನೆ. ಅದನ್ನು ಸಾಹುಕಾರನಿಗೆ ಕೊಟ್ಟು, ಬಡ್ಡಿ ಮುರಿಸಿ, ಈಗಲೇ ರೊಕ್ಕ ಪಡೆಯಬಹುದು. ನಿರ್ದೇಶಕರ ಮಾತು ಕೇಳಲು ಸರಿಯಾಗಿಯೇ ಇದೆ: ಪ್ರತಿ ನೋಟಿನ ಹಿಂದೆ ಒಂದು ಹುಂಡಿ, ಪ್ರತಿ ಹುಂಡಿಯ ಹಿಂದೆ ಹತ್ತಿಯ ಅಂಡಿಗೆ. ಆದರೆ ಹೆನ್ರಿ ಥಾರ್ನ್‌ಟನ್ ಎಂಬ ಬ್ಯಾಂಕರ್ 1802ರಲ್ಲೇ ಈ ವಾದದಲ್ಲಿದ್ದ ತೂತನ್ನು ತೋರಿಸಿದ್ದ. ಅದೇ ಹತ್ತಿಯನ್ನು ಕೊಪ್ಪಳದವನು ಗದಗಿನವನಿಗೆ, ಅವನು ಹುಬ್ಬಳ್ಳಿಯವನಿಗೆ, ಅವನು ಮುಂಬಯಿಯವನಿಗೆ ಮಾರಿದರೆ ಮೂರು ಹುಂಡಿ ಹುಟ್ಟುತ್ತವೆ. ಹತ್ತಿ ಒಂದೇ! ಅದೂ ಅಲ್ಲದೆ ಆಗ ಇಂಗ್ಲೆಂಡಿನ ಕಾನೂನಿನಲ್ಲಿ ಬಡ್ಡಿ ಐದು ಪರ್ಸೆಂಟು ಮೀರುವಂತಿರಲಿಲ್ಲ. ವ್ಯಾಪಾರದಲ್ಲಿ ಹತ್ತು ಪರ್ಸೆಂಟು ಲಾಭವಿರುವಾಗ ಐದಕ್ಕೆ ಸಾಲ ಕೊಡುತ್ತೇನೆ ಎಂದರೆ ಕೇಳುವವರಿಗೆ ಕೊನೆಯೇ ಇರುವುದಿಲ್ಲ. ನನ್ನ ಮಟ್ಟಿಗೆ ಇಡೀ ಜಗಳದಲ್ಲಿ ಅತ್ಯಂತ ಸ್ಪಷ್ಟವಾಗಿ ಯೋಚಿಸಿದವನು ಥಾರ್ನ್‌ಟನ್. ರಿಕಾರ್ಡೋನ ಹೆಸರು ನಿಮ್ಮ ಪಠ್ಯದಲ್ಲಿದೆ, ಇವನ ಹೆಸರು ಇಲ್ಲ.

ಕೊನೆಗೆ ಗೆದ್ದದ್ದು ರಿಕಾರ್ಡೋನ ಪಕ್ಷ. 1819ರಲ್ಲಿ ಕಾನೂನಾಯಿತು, 1821ರಲ್ಲಿ ನೋಟಿಗೆ ಮತ್ತೆ ಚಿನ್ನ ಸಿಕ್ಕಿತು. ಯುದ್ಧ ಮುಗಿದ ಮೇಲೆ ಬೆಲೆಗಳು ಕುಸಿದವು. ತುಟ್ಟಿ ಕಾಲದಲ್ಲಿ ಸಾಲ ಮಾಡಿದ್ದ ರೈತರು ಅಗ್ಗದ ಕಾಲದಲ್ಲಿ ಅದನ್ನು ತೀರಿಸಬೇಕಾಯಿತು. ನೋಟಿಗೆ ಗಟ್ಟಿ ಬೆಲೆ ತರುವುದು ಧರ್ಮವೆಂದು ಲಂಡನ್ನಿನವರು ಹೇಳುವಾಗ, ಆ ಧರ್ಮದ ಖರ್ಚು ಯಾರ ಖಾತೆಗೆ ಬಿತ್ತು ಎಂಬುದನ್ನೂ ಕೇಳಬೇಕು.

ಎರಡನೆಯ ಸುತ್ತು 1840ರ ದಶಕದ್ದು. ಒಂದು ಕಡೆಯವರು, ನೋಟಿಗೆ ಕಟ್ಟುನಿಟ್ಟಾದ ಮಿತಿ ಹಾಕಿ, ಅದರ ಮೇಲಿನ ಪ್ರತಿ ನೋಟಿನ ಹಿಂದೆ ಲೋಹವಿರಲಿ ಎಂದರು. ಇನ್ನೊಂದು ಕಡೆಯವರು, ವ್ಯಾಪಾರ ಹಿಗ್ಗುತ್ತದೆ, ಕುಗ್ಗುತ್ತದೆ, ನೋಟೂ ಹಾಗೆಯೇ ಇರಬೇಕು ಎಂದರು. 1844ರ ಕಾನೂನಿನಲ್ಲಿ ಮೊದಲನೆಯವರು ಗೆದ್ದರು. ಲೋಹವಿಲ್ಲದೆ ಹೊರಡಿಸಬಹುದಾದ ನೋಟಿನ ಮಿತಿ 1 ಕೋಟಿ 40 ಲಕ್ಷ ಪೌಂಡು ಎಂದಾಯಿತು. ಗೆದ್ದರು ಎಂದೆನಲ್ಲ, 1847, 1857, 1866, ಮೂರು ಸಲ ಪೇಟೆಯಲ್ಲಿ ಗಾಬರಿ ಎದ್ದಾಗ ಆ ಮಿತಿಯನ್ನು ಮೀರಲು ಸರಕಾರವೇ ಪತ್ರ ಕೊಡಬೇಕಾಯಿತು.

ಈ ಜಗಳ ಹಡಗು ಹತ್ತಿ ನಮ್ಮಲ್ಲಿಗೂ ಬಂತು. ಸೋತ ಪಕ್ಷದ ಒಬ್ಬ ಪ್ರಮುಖ, 'ಎಕಾನಮಿಸ್ಟ್' ಪತ್ರಿಕೆಯ ಸ್ಥಾಪಕ ಜೇಮ್ಸ್ ವಿಲ್ಸನ್. 1857ರ ದಂಗೆಯ ನಂತರ ಬರಿದಾಗಿದ್ದ ಭಾರತದ ಬೊಕ್ಕಸವನ್ನು ಸರಿಪಡಿಸಲು ಅವನನ್ನು ಕಲ್ಕತ್ತಕ್ಕೆ ಕಳಿಸಿದರು. ನಮಗೆ ಆದಾಯ ತೆರಿಗೆ ತಂದವನೂ ಅವನೇ. ಸರಕಾರಿ ನೋಟಿನ ಯೋಜನೆಯೊಂದನ್ನು ಅವನು ಸಿದ್ಧ ಮಾಡಿದ: ಹೊರಡಿಸಿದ ನೋಟಿನ ಮೂರನೆಯ ಒಂದು ಪಾಲಿನಷ್ಟು ಲೋಹ ಇದ್ದರೆ ಸಾಕು, ಉಳಿದದ್ದಕ್ಕೆ ಸಾಲಪತ್ರ. ಲಂಡನ್ನಿನಲ್ಲಿ ಭಾರತ ಮಂತ್ರಿಯಾಗಿದ್ದ ಚಾರ್ಲ್ಸ್ ವುಡ್ 1844ರ ಕಾನೂನಿನ ಪಕ್ಷದವನು, ಒಪ್ಪಲಿಲ್ಲ. ವಿಲ್ಸನ್ 1860ರ ಆಗಸ್ಟಿನಲ್ಲಿ ಕಲ್ಕತ್ತದಲ್ಲೇ ತೀರಿಕೊಂಡ. 1861ರ ಕಾನೂನು ವುಡ್ ಹೇಳಿದಂತೆಯೇ ಬಂತು: ನಾಲ್ಕು ಕೋಟಿ ರೂಪಾಯಿಯವರೆಗೆ ಸಾಲಪತ್ರದ ಆಧಾರ, ಅದರ ಮೇಲಿನದಕ್ಕೆಲ್ಲ ಬೆಳ್ಳಿ. ಇಂಗ್ಲೆಂಡಿನ ಪೇಟೆಗೆಂದು ಹೊಲಿದ ಅಂಗಿಯನ್ನು, ಸುಗ್ಗಿಯಲ್ಲಿ ಹಿಗ್ಗಿ ಮಳೆಗಾಲದಲ್ಲಿ ಕುಗ್ಗುವ ನಮ್ಮ ಮೈಗೆ ತೊಡಿಸಿದರು.

ಇನ್ನು ನಾನು ಅರ್ಧ ಸತ್ಯ ಎಂದ ಮಾತಿಗೆ ಬರುತ್ತೇನೆ. 1870ರ ದಶಕದಿಂದ ಜಗತ್ತಿನಲ್ಲಿ ಬೆಳ್ಳಿಯ ಬೆಲೆ ಇಳಿಯತೊಡಗಿತು. ಜರ್ಮನಿ ಚಿನ್ನಕ್ಕೆ ಬದಲಾಯಿಸಿತ್ತು, ಅಮೆರಿಕದ ಗಣಿಗಳು ಬೆಳ್ಳಿ ಸುರಿಯುತ್ತಿದ್ದವು. ಎರಡು ಷಿಲಿಂಗಿನ ಆಸುಪಾಸಿನಲ್ಲಿದ್ದ ರೂಪಾಯಿ 1893ರ ಹೊತ್ತಿಗೆ ಹದಿನೈದು ಪೆನ್ನಿಗೆ ಬಂತು. ಆ ವರ್ಷ ಜೂನ್ 26ರಂದು ಬ್ರಿಟಿಷ್ ಸರಕಾರ ಟಂಕಸಾಲೆಗಳ ಬಾಗಿಲು ಹಾಕಿತು. ಅಲ್ಲಿಯ ತನಕ ಯಾರು ಬೆಳ್ಳಿ ತಂದರೂ ಅಲ್ಪ ಶುಲ್ಕ ಪಡೆದು ರೂಪಾಯಿ ಒತ್ತಿಕೊಡುತ್ತಿದ್ದರು, ಇನ್ನು ಇಲ್ಲ. ಹೊಸ ರೂಪಾಯಿ ಕಡಿಮೆಯಾದವು, ಇದ್ದವು ತುಟ್ಟಿಯಾದವು. 1898ರ ಹೊತ್ತಿಗೆ ರೂಪಾಯಿ ಹದಿನಾರು ಪೆನ್ನಿಗೆ ಏರಿ ನಿಂತಿತು. ಅದರೊಳಗಿನ ಬೆಳ್ಳಿಯ ಬೆಲೆ ಅದಕ್ಕಿಂತ ಬಹಳ ಕೆಳಗೆ.

ಅಂದರೆ ಏನಾಯಿತು ನೋಡಿ. ಕಲ್ದಾರ್ ಇನ್ನು ಬೆಳ್ಳಿಯ ಬಲದ ಮೇಲೆ ನಿಂತಿರಲಿಲ್ಲ. ಅದು ನೋಟೇ, ಕಾಗದದ ಬದಲು ಬೆಳ್ಳಿಯ ಮೇಲೆ ಒತ್ತಿದ ನೋಟು. 1913ರಲ್ಲಿ ಭಾರತದ ಹಣದ ಮೇಲೆ ಪುಸ್ತಕ ಬರೆದ ಕೇನ್ಸ್ ಇದನ್ನೇ ವಿವರಿಸಿ, ಇದು ಒಳ್ಳೆಯ ವ್ಯವಸ್ಥೆ ಎಂದೂ ಹೇಳಿದ. ಹಾಲಿಗೂ ಕಲ್ದಾರಿಗೂ ಇದ್ದ ಏಳು-ಆರರ ಪ್ರಮಾಣ ಬೆಳ್ಳಿಯ ತೂಕಕ್ಕೆ ಹೊಂದಿಕೊಂಡಿತ್ತು, ನಿಜ. ಆದರೆ ಅದು ಹಾಗೆ ನಿಂತದ್ದು ಎರಡೂ ಸರಕಾರಗಳು ಎಷ್ಟು ನಾಣ್ಯ ಹೊರಡಿಸಬೇಕು ಎಂಬುದನ್ನು ಕೈಯಲ್ಲಿ ಹಿಡಿದುಕೊಂಡಿದ್ದರಿಂದ. ಅಜ್ಜಿಯ ಬೆಳ್ಳಿಗೆ ಅಕ್ಕಸಾಲಿಗನಲ್ಲಿ ಒಂದು ಬೆಲೆ, ಅದರ ಮೇಲಿನ ಮುದ್ರೆಗೆ ಪೇಟೆಯಲ್ಲಿ ಇನ್ನೊಂದು ಬೆಲೆ. ಮುದ್ರೆಯ ಬೆಲೆ ಸರಕಾರದ ಕೈಯಲ್ಲಿತ್ತು.

ಹಾಗಾದರೆ ಆ ಕೈಯನ್ನು ತಡೆಯುವವರು ಯಾರು? ಈ ಪ್ರಶ್ನೆಯನ್ನು ನಮ್ಮವರಲ್ಲಿ ಎಲ್ಲರಿಗಿಂತ ಚೂಪಾಗಿ ಕೇಳಿದವರು ಡಾ. ಬಿ.ಆರ್. ಅಂಬೇಡ್ಕರ್. ಸಂವಿಧಾನದ ಅಂಬೇಡ್ಕರ್ ನಿಮಗೆಲ್ಲ ಗೊತ್ತು. ಅರ್ಥಶಾಸ್ತ್ರದ ಅಂಬೇಡ್ಕರ್ ಅಷ್ಟು ಗೊತ್ತಿಲ್ಲ. ಅವರು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಬರೆದ ಪ್ರಬಂಧ 1923ರಲ್ಲಿ 'ರೂಪಾಯಿಯ ಸಮಸ್ಯೆ' ಎಂಬರ್ಥದ ಹೆಸರಿನಲ್ಲಿ ಪುಸ್ತಕವಾಯಿತು. ಮುನ್ನುಡಿ ಬರೆದವರು ಎಡ್ವಿನ್ ಕ್ಯಾನನ್. ಇದೇ ಕ್ಯಾನನ್, ನಾನು ಮೇಲೆ ಹೇಳಿದ 1810ರ ಸಮಿತಿಯ ವರದಿಯನ್ನು 1919ರಲ್ಲಿ ಮತ್ತೆ ಅಚ್ಚು ಹಾಕಿಸಿದವರು. ರಿಕಾರ್ಡೋನ ಕಾಲದ ಜಗಳ ಎಷ್ಟು ನೇರವಾಗಿ ನಮ್ಮ ಮನೆಗೆ ಬಂತು ನೋಡಿ.

ಅಂಬೇಡ್ಕರ್ ಕೇನ್ಸ್‌ನನ್ನು ಒಪ್ಪಲಿಲ್ಲ. ಎಷ್ಟು ರೂಪಾಯಿ ಹೊರಡಿಸಬೇಕೆಂಬುದು ಅಧಿಕಾರಿಗಳ ವಿವೇಕಕ್ಕೆ ಬಿಟ್ಟ ವ್ಯವಸ್ಥೆಯಲ್ಲಿ ರೂಪಾಯಿ ಹೆಚ್ಚಾಗುತ್ತಲೇ ಹೋಗುತ್ತದೆ, ಬೆಲೆ ಏರಿಕೆಯ ಹೊರೆ ಬಡವನ ಮೇಲೆ ಬೀಳುತ್ತದೆ ಎಂಬುದು ಅವರ ವಾದ. ಟಂಕಸಾಲೆಯ ಬಾಗಿಲನ್ನು ಜನರಿಗೆ ಮಾತ್ರವಲ್ಲ, ಸರಕಾರಕ್ಕೂ ಮುಚ್ಚಿ ಎಂದರು. 1925-26ರ ಹಿಲ್ಟನ್ ಯಂಗ್ ಆಯೋಗದ ಮುಂದೆಯೂ ಸಾಕ್ಷ್ಯ ಹೇಳಿದರು. ಆ ಆಯೋಗ ಕೇಂದ್ರ ಬ್ಯಾಂಕೊಂದು ಬೇಕೆಂದು ಶಿಫಾರಸು ಮಾಡಿತು. ರಿಸರ್ವ್ ಬ್ಯಾಂಕು 1935ರ ಏಪ್ರಿಲ್ 1ರಂದು ಬಾಗಿಲು ತೆರೆಯಿತು.

ಹೈದರಾಬಾದಿನಲ್ಲಿ ನೋಟು ಬಂದದ್ದು 1918ರಲ್ಲಿ. ಮೊದಲ ಮಹಾಯುದ್ಧದಿಂದ ಬೆಳ್ಳಿ ಸಿಗದಾಗಿತ್ತು. ಅಂದರೆ ಲಂಡನ್ನಿನಲ್ಲಿ 1797ರಲ್ಲಿ ಯುದ್ಧ ಮಾಡಿಸಿದ್ದನ್ನೇ ಇಲ್ಲೂ ಯುದ್ಧವೇ ಮಾಡಿಸಿತು. 1942ರಲ್ಲಿ ಹೈದರಾಬಾದ್ ಸ್ಟೇಟ್ ಬ್ಯಾಂಕು ಕೆಲಸ ಶುರುಮಾಡಿ ಹಾಲಿ ಸಿಕ್ಕಾದ ಉಸ್ತುವಾರಿ ಹೊತ್ತಿತು. 1945ರ ಫೆಬ್ರವರಿ 28ರಂದು ತುಂಗಭದ್ರಾ ಅಣೆಕಟ್ಟಿಗೆ ಎರಡು ಅಡಿಗಲ್ಲು ಬಿದ್ದವು: ಈ ದಂಡೆಯಲ್ಲಿ ನಿಜಾಮರ ಮಗ ಇಟ್ಟದ್ದು, ಆ ದಂಡೆಯಲ್ಲಿ ಮದ್ರಾಸಿನ ಗವರ್ನರ್ ಇಟ್ಟದ್ದು. ಹೊಳೆ ಒಂದು, ಅಣೆ ಒಂದು, ಸರಕಾರ ಎರಡು, ರೂಪಾಯಿ ಎರಡು.

ಆಮೇಲೆ 1947. ನಿಜಾಮರು ಭಾರತವನ್ನು ಸೇರಲಿಲ್ಲ. ನವೆಂಬರ್ 29ರಂದು ಯಥಾಸ್ಥಿತಿ ಒಪ್ಪಂದವಾಯಿತು. ಶಾಯಿ ಒಣಗುವ ಮೊದಲೇ ಹೈದರಾಬಾದ್ ಸರಕಾರ ಎರಡು ಸುಗ್ರೀವಾಜ್ಞೆ ಹೊರಡಿಸಿತು. ಒಂದು, ಚಿನ್ನ ಬೆಳ್ಳಿ ಸಂಸ್ಥಾನದ ಹೊರಗೆ ಹೋಗಕೂಡದು. ಎರಡು, ಭಾರತದ ರೂಪಾಯಿ ಇಲ್ಲಿ ಕಾನೂನಿನ ಹಣವಲ್ಲ. ಜೊತೆಗೆ ತನ್ನ ಬಳಿ ಇದ್ದ ಭಾರತ ಸರಕಾರದ ಸಾಲಪತ್ರಗಳ ರೂಪದಲ್ಲಿ 20 ಕೋಟಿ ರೂಪಾಯಿಯನ್ನು ಪಾಕಿಸ್ತಾನಕ್ಕೆ ಸಾಲ ಕೊಟ್ಟಿತು. ದಿಲ್ಲಿ ಇದನ್ನೆಲ್ಲ ತೀವ್ರವಾಗಿ ಆಕ್ಷೇಪಿಸಿತು. ಆ ಹೊತ್ತಿನಲ್ಲಿ ಅಳವಂಡಿ ಶಿವಮೂರ್ತಿ ಸ್ವಾಮಿಗಳ ನೇತೃತ್ವದಲ್ಲಿ ಮುಂಡರಗಿಯಲ್ಲಿ ಗಡಿ ಶಿಬಿರ ನಡೆಯುತ್ತಿತ್ತು. ಶಿಬಿರಗಳ ಕಥೆ ನಮ್ಮಲ್ಲಿ ಬಹಳ ಕಡೆ ಬರೆದಿದ್ದಾರೆ. ಗದಗಿಗೆ ಹತ್ತಿ ಹಾಕಿ ಕಲ್ದಾರ್ ಹಿಡಿದು ಬಂದ ರೈತನಿಗೆ ತನ್ನ ಕೈಯ ರೊಕ್ಕ ತನ್ನ ಊರಲ್ಲೇ ರೊಕ್ಕವಲ್ಲ ಎಂದಾದಾಗ ಏನನ್ನಿಸಿತು ಎಂದು ಯಾರೂ ಬರೆದದ್ದನ್ನು ನಾನು ಓದಿಲ್ಲ.

1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ. 1950ರ ದಶಕದಲ್ಲಿ ಹಾಲಿ ಸಿಕ್ಕಾ ಹಂತಹಂತವಾಗಿ ಹಿಂದೆ ಸರಿದು ಭಾರತದ ರೂಪಾಯಿ ಬಂತು. 1959ರಲ್ಲಿ ಅದರ ಕಥೆ ಪೂರ್ತಿ ಮುಗಿಯಿತು. ಹೈದರಾಬಾದ್ ಸ್ಟೇಟ್ ಬ್ಯಾಂಕು 1956ರಲ್ಲಿ ರಿಸರ್ವ್ ಬ್ಯಾಂಕಿನ ಅಂಗವಾಗಿ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಆಯಿತು. 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಸೇರಿಹೋಗುವ ತನಕ ನಮ್ಮ ಕಡೆಯ ಊರುಗಳಲ್ಲಿ ಆ ಹೆಸರಿನ ಫಲಕ ನೀವೂ ನೋಡಿರಬಹುದು.

ಅಜ್ಜಿಯ ಹತ್ತು ರೂಪಾಯಿ ಆ ನೋಟಿನಲ್ಲೇ ಉಳಿದದ್ದು ಹೇಗೆ ಎಂದು ನಾನು ಕೇಳಿದ್ದು ದೊಡ್ಡವನಾದ ಮೇಲೆ. ಬೆಣ್ಣೆ ಮಾರಿ ಕೂಡಿಸಿದ್ದಂತೆ. ಗಂಡನಿಗೆ, ಅತ್ತೆಗೆ ಗೊತ್ತಾಗದಂತೆ ಗೋಡೆಯ ಮಾಡಿನಲ್ಲಿಟ್ಟಿದ್ದಳು. ನೋಟು ಬದಲಿಸಿಕೊಳ್ಳಿ ಎಂದು ಡಂಗುರ ಸಾರಿದ್ದು ಕೇಳಿಸಿತ್ತು. ಬದಲಿಸಲು ಗಂಡಸರ ಕೈಗೆ ಕೊಡಬೇಕು, ಕೊಟ್ಟರೆ ಗುಟ್ಟು ಬಯಲು. ಇವತ್ತು ನಾಳೆ ಎನ್ನುವಷ್ಟರಲ್ಲಿ ಗಡುವು ಮುಗಿಯಿತು. 'ಬೆಳ್ಳೀದು ಇಟ್ಟಿದ್ರ ಇರತಿತ್ತು. ಹಗುರ ಐತಿ ಅಂತ ಕಾಗದ ಇಟ್ಟೆ' ಎಂದಳು. 2016ರ ನವೆಂಬರಿನಲ್ಲಿ ಐನೂರು, ಸಾವಿರದ ನೋಟು ರದ್ದಾದಾಗ ಅಜ್ಜಿ ಇರಲಿಲ್ಲ. ಆದರೆ ನಮ್ಮ ಓಣಿಯ ಇಬ್ಬರು ಹೆಣ್ಣುಮಕ್ಕಳು, ಗಂಡಂದಿರು ಹೊಲಕ್ಕೆ ಹೋದ ಹೊತ್ತು ನೋಡಿ, ಸೆರಗಿನಲ್ಲಿ ಗಂಟು ಕಟ್ಟಿಕೊಂಡು ನಮ್ಮಮ್ಮನ ಹತ್ತಿರ ಬಂದಿದ್ದರು.

ಆ ಹತ್ತರ ನೋಟು ಈಗ ನನ್ನ ಬಳಿ ಇದೆ. ಹಳೆಯ ನಾಣ್ಯ ಕೂಡಿಸುವ ಗೆಳೆಯರೊಬ್ಬರು ಒಳ್ಳೆಯ ಬೆಲೆಗೆ ಕೇಳಿದರು, ಕೊಡಲಿಲ್ಲ. ನಿಮ್ಮ ಮನೆಯ ಟ್ರಂಕಿನಲ್ಲೂ ಚಾರ್ಮಿನಾರಿನ ರೂಪಾಯಿ ಒಂದು ಇರಬಹುದು. ಸಿಕ್ಕರೆ ಕಾಲೇಜಿನ ಪ್ರಯೋಗಾಲಯದ ತಕ್ಕಡಿಯಲ್ಲಿ ತೂಗಿ, ನಾನು ಹೇಳಿದ ಲೆಕ್ಕವನ್ನು ಹಾಕಿ ನೋಡಿ. ಸವೆದಿದ್ದರೆ ಸ್ವಲ್ಪ ಕಡಿಮೆ ಬರುತ್ತದೆ.